ಹೊರಗೆ ಗಾಡಿ ಸಾಲು, ಒಳಗೆ ಪ್ಯಾಕರ್ ಖಾಲಿ: ಸಿಮೆಂಟ್ ಕಾರ್ಖಾನೆಯಲ್ಲಿ ಡಿಸ್ಪ್ಯಾಚ್ ಕುಸಿದಾಗ ದೋಷ ಹುಡುಕುವ ಬಗೆ

ಎರಡು ರಿಜಿಸ್ಟರ್ ತಂದು ಪಕ್ಕಪಕ್ಕ ಇಡಿ. ಒಂದು ಪ್ಯಾಕಿಂಗ್ ಪ್ಲಾಂಟಿನ, ಅಂದರೆ ಪ್ಯಾಕರ್ ಯಂತ್ರ ಚೀಲಕ್ಕೆ ಸಿಮೆಂಟ್ ತುಂಬುವ ಕಡೆಯ, ಲಾಗ್ ಬುಕ್, ಇನ್ನೊಂದು ಗೇಟಿನ ಗಾಡಿ ರಿಜಿಸ್ಟರ್. ಮೊದಲನೆಯದರಲ್ಲಿ ಮಧ್ಯಾಹ್ನ 1ರಿಂದ 3ರೊಳಗೆ ನಾಲ್ಕೈದು ಕಡೆ ‘ಗಾಡಿ ಇಲ್ಲ, ಪ್ಯಾಕರ್ ಬಂದ್’ ಅಂತ ಬರೆದಿದೆ. ಎರಡನೆಯದರಲ್ಲಿ ಅದೇ ಹೊತ್ತಿಗೆ ಯಾರ್ಡಿನಲ್ಲಿ 70 ಗಾಡಿ ನಿಂತಿವೆ. ಎರಡೂ ಸುಳ್ಳಲ್ಲ. ಬರೆದವರು ಕಂಡದ್ದನ್ನೇ ಬರೆದಿದ್ದಾರೆ. ದೋಷ ಇರುವುದು ಈ ಎರಡು ಪುಸ್ತಕಗಳ ನಡುವಿನ ಜಾಗದಲ್ಲಿ.

ಕಲಬುರಗಿ ಜಿಲ್ಲೆಯ ಸೇಡಂ, ಮಳಖೇಡ, ವಾಡಿ, ಚಿತ್ತಾಪುರ ಕಡೆ ಸುಣ್ಣದ ಕಲ್ಲಿನ ನೆಲ. ಅದಕ್ಕೇ ಇಲ್ಲಿ ಇಷ್ಟೊಂದು ಸಿಮೆಂಟ್ ಕಾರ್ಖಾನೆಗಳು. ಅಂಥ ಒಂದು ಕಾರ್ಖಾನೆಯ ಡಿಸ್ಪ್ಯಾಚ್ ವಿಭಾಗದಲ್ಲಿ, ಅಂದರೆ ಮಾಲು ತುಂಬಿಸಿ ಕಳಿಸುವ ಕಡೆ, ನಾನು ಬಹಳ ವರ್ಷ ಕೆಲಸ ಮಾಡಿದ್ದೇನೆ. ಒಂದು ಬೇಸಿಗೆಯಲ್ಲಿ ನಮ್ಮ ದಿನದ ಡಿಸ್ಪ್ಯಾಚ್ ಸುಮ್ನೆ ಇಳಿಯುತ್ತಾ ಹೋಯಿತು. ಹೊಸ ಪ್ಯಾಕರ್ ತರಿಸಬೇಕು ಅನ್ನುವವರೆಗೂ ಮಾತು ಹೋಗಿತ್ತು. ಆಗ ಹುಡುಕಿದ ದಾರಿಯನ್ನೇ ಇಲ್ಲಿ ಬರೆದಿದ್ದೇನೆ. ಚೀಲ ತುಂಬಿ ಲಾರಿಗೆ ಹಾಕುವ ಯಾವ ದೊಡ್ಡ ಕಾರ್ಖಾನೆಗಾದರೂ ಇದು ಒಗ್ಗುತ್ತದೆ.

ಮೊದಲು ಎಣಿಸಿ, ಆಮೇಲೆ ಮಾತು

ಡಿಸ್ಪ್ಯಾಚ್ ಕಡಿಮೆಯಾದ ಕೂಡಲೇ ಮೀಟಿಂಗ್ ಕರೆಯಬೇಡಿ. ಮೀಟಿಂಗಿನಲ್ಲಿ ಪ್ರತಿ ವಿಭಾಗದವರೂ ತಮ್ಮ ಲೆಕ್ಕ ತರುತ್ತಾರೆ. ಮೆಕ್ಯಾನಿಕಲ್‌ನವರು ‘ಪ್ಯಾಕರ್ ರೆಡಿ ಇತ್ತು’ ಅನ್ನುತ್ತಾರೆ. ಲಾಜಿಸ್ಟಿಕ್ಸ್‌ನವರು ‘ಗಾಡಿ ಕಳಿಸಿದ್ದೇವೆ’ ಅನ್ನುತ್ತಾರೆ. ಬಿಲ್ಲಿಂಗ್‌ನವರು ‘ನಮ್ಮ ಹತ್ತಿರ ಒಂದು ಕಾಗದವೂ ಬಾಕಿ ಇಲ್ಲ’ ಅನ್ನುತ್ತಾರೆ. ಎಲ್ಲರದ್ದೂ ಸರಿ, ಮಾಲು ಮಾತ್ರ ಹೋಗಿಲ್ಲ.

ಅದರ ಬದಲು ದಿನಕ್ಕೆ ಒಂದು ಗಂಟೆ ಮೀಸಲಿಡಿ. ಐದು ಜಾಗದಲ್ಲಿ ಗಾಡಿ ಎಣಿಸಿ: ಗೇಟಿನ ಹೊರಗೆ, ಒಳಗಿನ ಯಾರ್ಡಿನಲ್ಲಿ, ಖಾಲಿ ಗಾಡಿಯ ಕಾಟಾ (ಗಾಡಿ ತೂಗುವ ಕಡೆ) ಮುಂದೆ, ಪ್ಯಾಕರ್ ಲೇನಿನಲ್ಲಿ (ಗಾಡಿ ನಿಂತು ಚೀಲ ತುಂಬಿಸಿಕೊಳ್ಳುವ ಜಾಗ), ತುಂಬಿದ ಗಾಡಿಯ ಕಾಟಾದಿಂದ ಬಿಲ್ಟಿ (ಸಾಗಣೆ ಚೀಟಿ) ಕೈಗೆ ಬರುವ ಕಿಟಕಿಯವರೆಗೆ. ಬೆಳಿಗ್ಗೆ 8ಕ್ಕೆ ಒಮ್ಮೆ, ಮಧ್ಯಾಹ್ನ 2ಕ್ಕೆ ಒಮ್ಮೆ, ರಾತ್ರಿ 10ಕ್ಕೆ ಒಮ್ಮೆ. ಮೂರು ದಿನ ಸಾಕು.

ಈ ಎಣಿಕೆಯಿಂದ ಒಂದು ಸರಳ ಲೆಕ್ಕ ಸಿಗುತ್ತದೆ. ಒಳಗಿರುವ ಗಾಡಿಗಳ ಸಂಖ್ಯೆಯನ್ನು ಗಂಟೆಗೆ ಹೊರಹೋಗುವ ಗಾಡಿಗಳಿಂದ ಭಾಗಿಸಿದರೆ ಒಂದು ಗಾಡಿ ಸರಾಸರಿ ಎಷ್ಟು ಹೊತ್ತು ಒಳಗಿರುತ್ತದೆ ಅಂತ ಗೊತ್ತಾಗುತ್ತದೆ. ಒಳಗೆ 90 ಗಾಡಿ ಇದ್ದು ಗಂಟೆಗೆ 15 ಹೊರಟರೆ ತಲಾ 6 ಗಂಟೆ. ಇದಕ್ಕೆ ಲಿಟಲ್ ನಿಯಮ ಅನ್ನುತ್ತಾರೆ. ಜಾನ್ ಲಿಟಲ್ 1961ರಲ್ಲಿ ಇದನ್ನು ಸಾಧಿಸಿ ತೋರಿಸಿದರು. ಇದರ ಬೆಲೆ ಏನು ಅಂದರೆ, ಯಾರನ್ನೂ ಕೇಳಬೇಕಿಲ್ಲ. ‘ನಮ್ಮಲ್ಲಿ ಎರಡೇ ತಾಸಿನಲ್ಲಿ ಗಾಡಿ ಹೊರಡುತ್ತದೆ’ ಅಂತ ಯಾರಾದರೂ ಹೇಳಿದರೆ ಎಣಿಕೆಯೇ ಉತ್ತರ ಕೊಡುತ್ತದೆ.

ಹತ್ತು ಗಾಡಿಗಳ ಬೆನ್ನು ಹತ್ತಿ

ಎಣಿಸಿದರೆ ಸಾಲು ಎಲ್ಲಿದೆ ಅಂತ ತಿಳಿಯುತ್ತದೆ. ಯಾಕೆ ಇದೆ ಅಂತ ತಿಳಿಯಬೇಕಾದರೆ ಗಾಡಿಯ ಜೊತೆ ನಡೆಯಬೇಕು. ಒಂದು ಹಾಳೆ, ಒಂದು ಪೆನ್ನು, ಕೈಗಡಿಯಾರ. ಟೋಕನ್ ಸಿಕ್ಕ ಹೊತ್ತು, ಖಾಲಿ ತೂಕ ಆದ ಹೊತ್ತು, ಲೇನಿಗೆ ಹಿಂದಕ್ಕೆ ಹಚ್ಚಿದ ಹೊತ್ತು, ಮೊದಲ ಚೀಲ ಬಿದ್ದ ಹೊತ್ತು, ಕೊನೆಯ ಚೀಲ ಬಿದ್ದ ಹೊತ್ತು, ಲೇನ್ ಬಿಟ್ಟ ಹೊತ್ತು, ತುಂಬಿದ ತೂಕ, ಬಿಲ್ಟಿ, ಗೇಟ್.

ಇದರಲ್ಲಿ ‘ಕೊನೆಯ ಚೀಲ ಬಿದ್ದ ಹೊತ್ತು’ ಮತ್ತು ‘ಲೇನ್ ಬಿಟ್ಟ ಹೊತ್ತು’ ಎರಡನ್ನೂ ಬೇರೆಬೇರೆಯಾಗಿ ಬರೆಯಿರಿ. ಕಂಪ್ಯೂಟರಿನಲ್ಲಿ ಇವೆರಡೂ ಒಂದೇ ಆಗಿರುತ್ತವೆ, ಯಾಕಂದ್ರೆ ಚೀಲದ ಲೆಕ್ಕ ಮುಗಿದ ಕ್ಷಣಕ್ಕೆ ಯಂತ್ರದ ಮಟ್ಟಿಗೆ ಆ ಗಾಡಿ ಮುಗಿಯಿತು. ನೆಲದ ಮೇಲೆ ಮಾತ್ರ ಗಾಡಿ ಇನ್ನೂ ಅಲ್ಲೇ ಇರುತ್ತದೆ.

ಹತ್ತರಲ್ಲಿ ಎರಡು ಗಾಡಿಯನ್ನಾದರೂ ಬಿಸಿಲು ಏರಿದ ಹೊತ್ತಿನಲ್ಲಿ, ಎರಡನ್ನು ಶಿಫ್ಟ್ ಬದಲಾಗುವ ಹೊತ್ತಿನಲ್ಲಿ, ಎರಡನ್ನು ರಾತ್ರಿ ಪಾಳಿಯಲ್ಲಿ ಹಿಂಬಾಲಿಸಿ. ಬೆಳಿಗ್ಗೆ 10 ಗಂಟೆಗೆ ಮಾತ್ರ ಹೋಗಿ ನೋಡಿದರೆ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ.

ನಮ್ಮಲ್ಲಿ ಕಂಡದ್ದು

ಆ ದಿನ ಮಧ್ಯಾಹ್ನ ಒಂದೂವರೆ. ಹೊರಗೆ 43 ಡಿಗ್ರಿ. ಪ್ಯಾಕರ್ ನಿಂತಿತ್ತು. ಲೋಡಿಂಗ್ ಗ್ಯಾಂಗಿನ ಹಿರಿಯರೊಬ್ಬರು ಬೆಲ್ಟಿನ ಪಕ್ಕ ಕೂತು ತಲೆಗೆ ಸುತ್ತಿದ ಟವೆಲ್ ಬಿಚ್ಚಿ ಮುಖದ ಮೇಲಿನ ಸಿಮೆಂಟ್ ಧೂಳು ಒರೆಸಿಕೊಳ್ಳುತ್ತಿದ್ದರು.

“ಕಾಕಾ, ಪ್ಯಾಕರ್ ಯಾಕ ನಿಂತದ?”

“ಗಾಡಿ ಎಲ್ಲದ್ರಿ ಸಾಹೇಬ್ರ? ತುಂಬಿದ ಗಾಡಿ ಹೋದ್ರ ಖಾಲಿ ಗಾಡಿ ಬರ್ತದ.”

ಲೇನಿನಲ್ಲಿ ಒಂದು ಲಾರಿ ಇತ್ತು. ಪೂರ್ತಿ ತುಂಬಿತ್ತು. ಡ್ರೈವರ್ ಒಬ್ಬನೇ ಚೀಲಗಳ ಮೇಲೆ ಹತ್ತಿ ತಾಡಪತ್ರಿ ಹೊದಿಸುತ್ತಿದ್ದ. ಒಂದು ಮೂಲೆ ಎಳೆದರೆ ಇನ್ನೊಂದು ಮೂಲೆ ಜಾರುತ್ತಿತ್ತು. ಕೆಳಗಿಳಿದು ಹಗ್ಗ ಕೊಂಡಿಗೆ ಹಾಕಿ, ಮತ್ತೆ ಹತ್ತಿ, ಆ ಕಡೆ ಎಳೆದು, ಮತ್ತೆ ಇಳಿದು. ಕ್ಲೀನರ್ ಇರಲಿಲ್ಲ. ಈಗ ಬಹಳ ಗಾಡಿಗಳಿಗೆ ಕ್ಲೀನರ್ ಇರುವುದಿಲ್ಲ. ನಾನು ಗಡಿಯಾರ ನೋಡಿದೆ. ಕೊನೆಯ ಚೀಲದಿಂದ ಅವನು ಎಂಜಿನ್ ಶುರು ಮಾಡುವವರೆಗೆ 20 ನಿಮಿಷ.

ಹೊರಗೆ ಹೋಗಿ ಕಟ್ಟಬಾರದೇನಪ್ಪಾ ಅಂದೆ. “ಹೊರಗ ಬಿಸಿಲಾಗ ಮ್ಯಾಲ ಹತ್ತಿದ್ರ ಕೈಕಾಲು ಸುಡ್ತಾವ್ರಿ ಸಾಹೇಬ್ರ. ಇಲ್ಲಿ ನೆಳ್ಳದ. ಇಲ್ಲೇ ಕಟ್ಕೊಂಡು ಹೋಗ್ತೀನ್ರಿ.”

ಅವನ ಮಾತಿನಲ್ಲಿ ತಪ್ಪೇನಿದೆ? ಲಾರಿಯ ಪಕ್ಕದ ಕಬ್ಬಿಣಕ್ಕೆ ನಾನೇ ಕೈ ಹಚ್ಚಿ ನೋಡಿದೆ. ಹಿಡಿಯಲು ಆಗಲಿಲ್ಲ.

ಈಗ ಲೆಕ್ಕ ಹಾಕಿ. ಎಂಟು ಸ್ಪೌಟಿನ (ಚೀಲಕ್ಕೆ ಸಿಮೆಂಟ್ ಸುರಿಯುವ ಮೂತಿ) ರೋಟರಿ ಪ್ಯಾಕರ್ ಗಂಟೆಗೆ 2,400 ಚೀಲ ತುಂಬುತ್ತದೆ, ಅಂದರೆ 120 ಟನ್. 25 ಟನ್ನಿನ ಗಾಡಿಗೆ 500 ಚೀಲ, ಹನ್ನೆರಡೂವರೆ ನಿಮಿಷದ ಕೆಲಸ. ಒಂದು ಪ್ಯಾಕರಿಗೆ ಎರಡು ಲೇನ್ ಇರುತ್ತವೆ. ಒಂದರಲ್ಲಿ ಗಾಡಿ ಬದಲಾಗುವಾಗ ಇನ್ನೊಂದರಲ್ಲಿ ಲೋಡ್ ಆಗಲಿ ಅಂತಲೇ ಎರಡು. ಗಾಡಿ ಹಿಂದಕ್ಕೆ ಹಚ್ಚಲು 4 ನಿಮಿಷ ಹಿಡಿದರೂ ಪ್ಯಾಕರ್ ನಿಲ್ಲಬೇಕಾಗಿಲ್ಲ. ಆದರೆ ಲೇನಿನಲ್ಲೇ 20 ನಿಮಿಷ ತಾಡಪತ್ರಿ ಕಟ್ಟಿದರೆ ಒಂದು ಗಾಡಿ ಲೇನನ್ನು ಮೂವತ್ತಾರೂವರೆ ನಿಮಿಷ ಹಿಡಿದಿಡುತ್ತದೆ. ಅಷ್ಟು ಹೊತ್ತಿನಲ್ಲಿ ಎರಡು ಲೇನಿನಿಂದ ಎರಡೇ ಗಾಡಿ, 50 ಟನ್. ಗಂಟೆಗೆ 120 ಟನ್ ಹಾಕಬೇಕಾದ ಪ್ಯಾಕರ್ 82 ಟನ್ನಿಗೆ ಇಳಿಯಿತು. ಯಂತ್ರದ ಒಂದು ಬೋಲ್ಟೂ ಸಡಿಲವಾಗಿರಲಿಲ್ಲ.

ಟೊಯೋಟಾದ ತಾಯಿಚಿ ಓನೊ ಕಲಿಸಿದ ಪದ್ಧತಿ ಒಂದಿದೆ, ‘ಯಾಕೆ’ ಅಂತ ಐದು ಸಲ ಕೇಳುವುದು. ನಾವೂ ಕೇಳಿದೆವು. ಪ್ಯಾಕರ್ ಯಾಕೆ ನಿಂತಿತು? ಮುಂದೆ ಖಾಲಿ ಗಾಡಿ ಇಲ್ಲ. ಯಾಕಿಲ್ಲ? ತುಂಬಿದ ಗಾಡಿ ಲೇನ್ ಬಿಟ್ಟಿಲ್ಲ. ಯಾಕೆ ಬಿಟ್ಟಿಲ್ಲ? ಡ್ರೈವರ್ ಅಲ್ಲೇ ತಾಡಪತ್ರಿ ಕಟ್ಟುತ್ತಿದ್ದಾನೆ. ಯಾಕೆ ಅಲ್ಲೇ? ಹೊರಗೆ ನೆರಳಿಲ್ಲ. ಯಾಕಿಲ್ಲ? ಒಳರಸ್ತೆ ಅಗಲ ಮಾಡುವಾಗ ಹಳೆಯ ತಗಡಿನ ಶೆಡ್ ತೆಗೆದಿದ್ದರು, ಮತ್ತೆ ಹಾಕಿರಲಿಲ್ಲ. ಸಿವಿಲ್‌ನವರಿಗೆ ಅದು ಡಿಸ್ಪ್ಯಾಚ್ ವಿಷಯ ಅಂತ ಗೊತ್ತಿರಲಿಲ್ಲ. ಡಿಸ್ಪ್ಯಾಚ್‌ನವರಿಗೆ ಶೆಡ್ ತೆಗೆದದ್ದು ಯಾವಾಗ ಅಂತಲೂ ನೆನಪಿರಲಿಲ್ಲ, ಯಾಕಂದ್ರೆ ತೆಗೆದದ್ದು ಚಳಿಗಾಲದಲ್ಲಿ.

ಕಾಟಾಕ್ಕೆ ಹೋಗುವ ದಾರಿಯ ಪಕ್ಕ ಶೆಡ್ ಹಾಕಿಸಿದೆವು. ನಾಲ್ಕು ಗಾಡಿ ನಿಲ್ಲುವಷ್ಟು. ಎರಡೂ ಬದಿಗೆ ಲಾರಿ ಎತ್ತರಕ್ಕೆ ಕಟ್ಟೆ, ಕೈಹಿಡಿ, ಮೇಲೆ ಹತ್ತುವವರು ಬೆಲ್ಟ್ ಸಿಕ್ಕಿಸಿಕೊಳ್ಳಲು ಉಕ್ಕಿನ ಹಗ್ಗ. ಕೆಳಗೆ ಶಹಾಬಾದ್ ಫರಸಿ. ಕುಡಿಯುವ ನೀರು. ಇಬ್ಬರು ಸಹಾಯಕರು. ಮೊದಲೇ ಹೇಳಿಬಿಡುತ್ತೇನೆ: ನೆರಳು ಮಾಡದೆ ‘ಲೇನಿನಲ್ಲಿ ತಾಡಪತ್ರಿ ಕಟ್ಟಬಾರದು’ ಅಂತ ಬರೀ ಬೋರ್ಡ್ ಹಾಕಬೇಡಿ. ಡ್ರೈವರುಗಳು ಬಿಸಿಲಿನಲ್ಲಿ ಬೇಯುತ್ತಾರೆ, ಇಲ್ಲವೇ ಅವಸರಕ್ಕೆ ಮೇಲಿನಿಂದ ಬೀಳುತ್ತಾರೆ. ಒಬ್ಬ ಬಿದ್ದರೆ ಅದು ಯಾವ ಟನ್ನಿನ ಲೆಕ್ಕಕ್ಕೂ ಸರಿಹೋಗುವುದಿಲ್ಲ.

ಸಾಲು ಬೇರೆ ಕಡೆ ಇದ್ದರೆ

ಎಲ್ಲರ ರೋಗವೂ ತಾಡಪತ್ರಿ ಅಲ್ಲ. ಎಣಿಕೆಯಲ್ಲಿ ಸಾಲು ಎಲ್ಲಿ ಕಂಡಿತೋ ಅಲ್ಲಿಂದ ಹುಡುಕಿ.

ಯಾರ್ಡ್ ತುಂಬಿದೆ, ಲೇನ್ ಖಾಲಿ, ತುಂಬಿದ ಗಾಡಿಯೂ ಅಡ್ಡ ನಿಂತಿಲ್ಲ ಅಂದರೆ ಮೊದಲು ಗ್ರೇಡ್, ಅಂದರೆ ಸಿಮೆಂಟಿನ ಬಗೆ, ನೋಡಿ. ಸಾಲಿನ ಮೊದಲ 10 ಗಾಡಿ ಪಿಪಿಸಿಗೆ (ಹಾರುಬೂದಿ ಬೆರೆಸಿದ ಸಿಮೆಂಟ್) ಬಂದಿರಬಹುದು, ಪ್ಯಾಕರಿನಲ್ಲಿ ಓಪಿಸಿ 53 (ಬೆರಕೆ ಇಲ್ಲದ ಸಾಮಾನ್ಯ ಸಿಮೆಂಟ್) ನಡೆಯುತ್ತಿರಬಹುದು. ಪ್ರತಿ ಸಲ ಗ್ರೇಡ್ ಬದಲಿಸುವಾಗ ಹಾಪರ್, ಬೆಲ್ಟು, ಬಕೆಟ್ ಎಲಿವೇಟರ್ ಖಾಲಿ ಮಾಡಬೇಕು, ಚೀಲ ಬದಲಿಸಬೇಕು, ಲ್ಯಾಬಿನವರು ಒಪ್ಪಬೇಕು. ಒಂದು ಬದಲಾವಣೆಗೆ 25 ನಿಮಿಷ ಅಂತ ಇಟ್ಟುಕೊಳ್ಳಿ. ಶಿಫ್ಟಿಗೆ ನಾಲ್ಕು ಸಲ ಬದಲಿಸಿದರೆ 100 ನಿಮಿಷ ಹೋಯಿತು, ಅಂದರೆ ಒಂದು ಪ್ಯಾಕರಿಗೆ 200 ಟನ್. ಇದು ಯಾರ ತಪ್ಪು ಅಂತ ನೋಡಿದರೆ ಪ್ಯಾಕಿಂಗ್‌ನವರದ್ದಲ್ಲ. ಆರ್ಡರ್ ಬಂದಂತೆ ಟೋಕನ್ ಕೊಡುವ ಪದ್ಧತಿಯದ್ದು. ಇಷ್ಟು ಗಂಟೆಯಿಂದ ಇಷ್ಟು ಗಂಟೆವರೆಗೆ ಈ ಗ್ರೇಡ್ ಅಂತ ವೇಳೆ ಕಟ್ಟಿ, ಟೋಕನ್ನನ್ನು ಗ್ರೇಡಿನ ಪ್ರಕಾರ ಕೂಗಿ. ಸೇಲ್ಸ್‌ನವರು ಮೊದಲ ವಾರ ಬೇಸರ ಮಾಡಿಕೊಳ್ಳುತ್ತಾರೆ. ಗಾಡಿ ಬೇಗ ತಲುಪಿದ್ದು ಕಂಡಮೇಲೆ ಸುಮ್ಮನಾಗುತ್ತಾರೆ.

ಗ್ರೇಡ್ ಸರಿ ಇದ್ದರೆ ರೈಲ್ವೆ ಸೈಡಿಂಗ್ ಕಡೆ ನೋಡಿ. ರೇಕ್ (ಸರಕಿನ ರೈಲು) ಬಂದ ದಿನ ಹಮಾಲರ ಗ್ಯಾಂಗ್ ಅತ್ತ ಹೋಗುತ್ತದೆ. ಹೊಸ ಬಗೆಯ ಮುಚ್ಚಿದ ವ್ಯಾಗನ್ನಿನ ರೇಕಿಗೆ 58 ವ್ಯಾಗನ್. ಕೊಟ್ಟ ವೇಳೆಯೊಳಗೆ ತುಂಬದಿದ್ದರೆ ಡೆಮರೇಜ್ ಬೀಳುತ್ತದೆ. ಆ ದಂಡ ಎಲ್ಲರ ಕಣ್ಣಿಗೆ ಕಾಣುತ್ತದೆ, ರಸ್ತೆ ಗಾಡಿಗಳು ಕಾದದ್ದು ಯಾರ ಖಾತೆಯಲ್ಲೂ ಬರೆದಿರುವುದಿಲ್ಲ. ರೇಕ್ ಬಂದ ದಿನಗಳನ್ನೂ ರಸ್ತೆ ಡಿಸ್ಪ್ಯಾಚ್ ಇಳಿದ ದಿನಗಳನ್ನೂ ಒಂದೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಎರಡೂ ಜೋಡಿಯಾಗಿ ಬಂದರೆ ಯಂತ್ರ ಬಿಚ್ಚುವ ಕೆಲಸ ಇಲ್ಲ, ಗ್ಯಾಂಗ್ ಹೆಚ್ಚಿಸುವ ಕೆಲಸ ಇದೆ.

ಎಲ್ಲೂ ಸಾಲೇ ಇಲ್ಲ, ಆದರೂ ಟನ್ ಬರುತ್ತಿಲ್ಲ ಅಂದರೆ ದೋಷ ಕಾರ್ಖಾನೆಯ ಹೊರಗಿದೆ. ಗಾಡಿಯೇ ಬರುತ್ತಿಲ್ಲ, ಇಲ್ಲವೇ ಆರ್ಡರ್ ಬಿಡುಗಡೆ ತಡವಾಗುತ್ತಿದೆ. ಬೆಳಿಗ್ಗೆ ಪ್ಯಾಕರ್ ಖಾಲಿ ಕೂತು ಸಂಜೆ 6ರ ಮೇಲೆ ನೂಕುನುಗ್ಗಲು ಆದರೆ ಆರ್ಡರ್ ಯಾವ ಹೊತ್ತಿಗೆ ಸಿಸ್ಟಮ್ಮಿಗೆ ಬಿತ್ತು ಅಂತ ತೆಗೆಸಿ ನೋಡಿ. ತಿಂಗಳ ಮೊದಲ ವಾರ ಮಲಗಿ ಕೊನೆಯ ವಾರ ಓಡುವುದೂ ಇದೇ ಜಾತಿಯ ರೋಗ. ಕೊನೆಯ ವಾರದ ಓಟಕ್ಕೆ ಹೊಸ ಯಂತ್ರ ತಂದರೆ ಉಳಿದ ಮೂರು ವಾರ ಅದು ಸುಮ್ನೆ ನಿಂತಿರುತ್ತದೆ.

ಇಲ್ಲಿ ಒಂದು ಮಾತು. ಯಂತ್ರವನ್ನು ನೂರಕ್ಕೆ ನೂರು ದುಡಿಸಬೇಕು ಅನ್ನುವ ಹಟ ಬಹಳ ಕಡೆ ಇದೆ. ಗಾಡಿಗಳು ಹೇಗೆಂದರೆ ಹಾಗೆ ಬರುವಾಗ, ಒಂದೊಂದಕ್ಕೂ ಹಿಡಿಯುವ ಹೊತ್ತು ಹೆಚ್ಚುಕಡಿಮೆ ಆಗುವಾಗ, ಸಾಲಿನ ಲೆಕ್ಕ ಬೇರೆಯೇ. ಒಂದು ಲೇನ್ ಶೇ 80ರಷ್ಟು ದುಡಿದರೆ ಅಲ್ಲಿ ಸರಾಸರಿ 4 ಗಾಡಿ ಇರುತ್ತವೆ. ಶೇ 90ಕ್ಕೆ 9. ಶೇ 95ಕ್ಕೆ 19. ಕೊನೆಯ ಐದು ಪಾಲು ದುಡಿತಕ್ಕೆ ಹತ್ತು ಗಾಡಿ ಜಾಸ್ತಿ ಕಾಯುತ್ತವೆ. ಆ ಡ್ರೈವರುಗಳಿಗೆ ಅದು ಊಟ, ನಿದ್ದೆ, ಮುಂದಿನ ಬಾಡಿಗೆ. ಹಾಗಾಗಿ ಗಾಡಿಗೆ ಬರುವ ಹೊತ್ತು ಮೊದಲೇ ಗೊತ್ತು ಮಾಡಿ ಕರೆಸಿ. ಯಂತ್ರ ಅಷ್ಟೇ ದುಡಿದರೂ ಸಾಲು ಕರಗುತ್ತದೆ.

ಪ್ಯಾಕರೇ ನಿಧಾನವಾಗಿದ್ದರೆ

ಲೇನಿನಲ್ಲಿ ಗಾಡಿ ಸದಾ ಇದೆ, ಪ್ಯಾಕರ್ ಸದಾ ತಿರುಗುತ್ತಿದೆ, ಆದರೂ ಚೀಲ ಕಡಿಮೆ. ಆಗ ಯಂತ್ರದ ಹತ್ತಿರ ನಿಂತು ಸ್ಪೌಟ್ ಎಣಿಸಿ. ಎಂಟರಲ್ಲಿ ಒಂದು ಬಂದ್ ಇದ್ದರೂ ಡ್ರಮ್ ತಿರುಗುತ್ತಲೇ ಇರುತ್ತದೆ, ದೂರದಿಂದ ಗೊತ್ತಾಗುವುದಿಲ್ಲ. ಗಂಟೆಗೆ 2,400 ಚೀಲ ಇದ್ದದ್ದು 2,100 ಆಗಿರುತ್ತದೆ. ಚೀಲ ಎಷ್ಟು ಒಡೆಯುತ್ತಿವೆ, ಖಾಲಿ ಚೀಲ ಸಿಕ್ಕಿಸುವ ಕಡೆ ಎಷ್ಟು ತಪ್ಪುತ್ತಿವೆ ಅಂತ ಅರ್ಧ ಗಂಟೆ ಗೆರೆ ಹಾಕುತ್ತಾ ನಿಲ್ಲಿ. ಒಂದೆರಡು ನಿಮಿಷದ ನಿಲುಗಡೆಯನ್ನು ಯಾರೂ ಲಾಗ್ ಬುಕ್ಕಿನಲ್ಲಿ ಬರೆಯುವುದಿಲ್ಲ. ಅವೇ ಸೇರಿ ಒಂದು ಗಂಟೆ ಆಗುತ್ತದೆ.

ಶಿಫ್ಟಿನ 480 ನಿಮಿಷದಲ್ಲಿ 400 ನಿಮಿಷ ನಡೆಯಿತು ಅಂದರೆ ಶೇ 83. ಆ 400 ನಿಮಿಷದಲ್ಲಿ 16,000 ಚೀಲ ಆಗಬೇಕಿತ್ತು, 14,000 ಆಯಿತು ಅಂದರೆ ಶೇ 87.5. ಅದರಲ್ಲಿ ನೂರಕ್ಕೆ ಒಂದು ಒಡೆಯಿತು ಅಂದರೆ ಶೇ 99. ಬಿಡಿಯಾಗಿ ನೋಡಿದರೆ ಮೂರೂ ಪರವಾಗಿಲ್ಲ ಅನಿಸುತ್ತವೆ. ಗುಣಿಸಿದರೆ ಶೇ 72. ಇದನ್ನೇ ಓಇಇ, ಅಂದರೆ ಯಂತ್ರದ ಒಟ್ಟು ದುಡಿತದ ಅಳತೆ, ಅನ್ನುತ್ತಾರೆ. ಒಂದು ಎಚ್ಚರಿಕೆ: ‘ಗಾಡಿ ಇಲ್ಲ’ ಅನ್ನುವ ಹೊತ್ತನ್ನು ಈ ಲೆಕ್ಕದಿಂದ ತೆಗೆದುಹಾಕುವ ರೂಢಿ ಇದ್ದರೆ ನಿಲ್ಲಿಸಿ. ನಮ್ಮ ಕಾರ್ಖಾನೆಯಲ್ಲಿ ಅದನ್ನು ತೆಗೆಯುತ್ತಿದ್ದರು. ಅದಕ್ಕೇ ಡಿಸ್ಪ್ಯಾಚ್ ಬಿದ್ದ ತಿಂಗಳಲ್ಲೂ ಪ್ಯಾಕರಿನ ಅಂಕ ಚೆನ್ನಾಗಿಯೇ ಕಾಣುತ್ತಿತ್ತು.

ಮಳೆಗಾಲದಲ್ಲಿ ಪ್ಯಾಕರ್ ನಿಧಾನವಾದರೆ ಸೈಲೋ (ಸಿಮೆಂಟ್ ತುಂಬಿಡುವ ದೊಡ್ಡ ಕಣಜ) ಕಡೆ ಹೋಗಿ. ಗಾಳಿಯಲ್ಲಿ ನೀರಿನ ಪಸೆ ಬಂದರೆ ಸಿಮೆಂಟ್ ಗಂಟು ಕಟ್ಟುತ್ತದೆ, ಜರಡಿ ಕಟ್ಟಿಕೊಳ್ಳುತ್ತದೆ. ಏರ್ ಸ್ಲೈಡಿನ (ಗಾಳಿ ಊದಿ ಸಿಮೆಂಟ್ ಹರಿಸುವ ಕಾಲುವೆ) ಕ್ಯಾನ್ವಾಸ್ ಹರಿದಿದ್ದರೂ ಹರಿವು ಬಿಟ್ಟುಬಿಟ್ಟು ಬರುತ್ತದೆ.

ಸೈಲೋ ಮಟ್ಟವೇ ಕೆಳಗಿದ್ದರೆ ತೊಂದರೆ ಇನ್ನೂ ಹಿಂದೆ, ಮಿಲ್ಲಿನಲ್ಲೋ ಕಿಲ್ನಿನಲ್ಲೋ. 1,450 ಡಿಗ್ರಿಯಲ್ಲಿ ಕಲ್ಲು ಸುಡುವ ಕಿಲ್ನ್ ಒಮ್ಮೆ ಆರಿದರೆ ಮತ್ತೆ ಕಾಯಿಸಲು ದಿನಗಟ್ಟಲೆ ಬೇಕು. ಅದಕ್ಕೇ ಕ್ಲಿಂಕರ್ (ಸುಟ್ಟು ಬಂದ, ಇನ್ನೂ ಅರೆಯದ ಗಟ್ಟಿ) ದಾಸ್ತಾನು. ನಮ್ಮ ಹಿರಿಯರು ಹಗೇವಿನಲ್ಲಿ ಜೋಳ ತುಂಬಿಡುತ್ತಿದ್ದರು ಅಲ್ವಾ, ಹಾಗೆ. ಬರಗಾಲಕ್ಕೆ ಅಂತ ಇಟ್ಟದ್ದನ್ನು ಸುಗ್ಗಿಯಲ್ಲೇ ತೆಗೆದು ತಿಂದಿದ್ದಾರೇನೋ ಅಂತ ಕ್ಲಿಂಕರ್ ರಿಜಿಸ್ಟರ್ ನೋಡಿ.

ಸರಿ ಮಾಡಿದ ಮೇಲೆ

ಒಂದು ಕಡೆಯ ತಡೆ ತೆಗೆದರೆ ಸಾಲು ಮುಂದಿನ ಕಡೆಗೆ ಹೋಗಿ ನಿಲ್ಲುತ್ತದೆ. ನಮ್ಮಲ್ಲಿ ಶೆಡ್ ಶುರುವಾಗಿ ಮೂರನೇ ದಿನಕ್ಕೆ ತುಂಬಿದ ಗಾಡಿಯ ಕಾಟಾ ಮುಂದೆ ಸಾಲು ಬೆಳೆಯಿತು. ಕೆಲವರು ‘ಶೆಡ್ಡಿನಿಂದಲೇ ಹೀಗಾಯಿತು’ ಅಂದರು. ಅಲ್ಲ. ಮೊದಲು ಅಷ್ಟು ಗಾಡಿ ಅಲ್ಲಿಗೆ ತಲುಪುತ್ತಲೇ ಇರಲಿಲ್ಲ. ಮತ್ತೆ ಹಾಳೆ ಹಿಡಿದು ಹತ್ತು ಗಾಡಿ ಹಿಂಬಾಲಿಸಿದೆವು.

ಕಾಟಾ ಮುಂದೆ ಸಾಲು ಬೆಳೆಯುವುದು ಕೆಲವು ಗಾಡಿ ಅಲ್ಲಿಂದ ವಾಪಸ್ಸಾಗುವುದರಿಂದ. ವಾಪಸ್ಸಾಗಲು ಕಾರಣ ತೂಕದ ವ್ಯತ್ಯಾಸ. 500 ಚೀಲಕ್ಕೆ 25 ಟನ್ ಬರಬೇಕು. ಗೊತ್ತು ಮಾಡಿದ್ದಕ್ಕಿಂತ ಹೆಚ್ಚುಕಡಿಮೆ ಬಂದರೆ ಕಂಪ್ಯೂಟರ್ ಬಿಲ್ ಹೊರಡಿಸುವುದಿಲ್ಲ, ಚೀಲ ಮತ್ತೆ ಎಣಿಸಬೇಕು. ಇಂಥ ಗಾಡಿಗಳನ್ನು ಎರಡು ಗುಂಪು ಮಾಡಿ. ಒಂದೇ ಪ್ಯಾಕರಿನಿಂದ ಬಂದ ಗಾಡಿಗಳೇ ಜಾಸ್ತಿ ಇದ್ದರೆ ಸ್ಪೌಟಿನ ತೂಕ ಸರಿಯಿಲ್ಲ. ಒಂದೊಂದು ಸ್ಪೌಟಿನಿಂದ ಐದೈದು ಚೀಲ ತೆಗೆದು ತೂಗಿಸಿ. ಚೀಲಕ್ಕೆ 200 ಗ್ರಾಂ ಜಾಸ್ತಿ ಹೋದರೂ ಗಾಡಿಗೆ 100 ಕೆಜಿ ಆಗುತ್ತದೆ.

ಎಲ್ಲ ಪ್ಯಾಕರಿನ ಗಾಡಿಗಳೂ ಸಮನಾಗಿ ವಾಪಸ್ಸಾಗುತ್ತಿದ್ದರೆ ಖಾಲಿ ತೂಕ ಹೇಗೆ ಮಾಡುತ್ತಿದ್ದಾರೆ ನೋಡಿ. ಖಾಲಿ ತೂಕದ ಹೊತ್ತಿಗೆ ಕ್ಯಾಬಿನ್ನಿನಲ್ಲಿ ಇಬ್ಬರು, ತುಂಬಿದ ತೂಕದ ಹೊತ್ತಿಗೆ ಒಬ್ಬ. ಬರುವಾಗ ನೀರಿನ ಕ್ಯಾನ್ ತುಂಬಿತ್ತು, ಹೋಗುವಾಗ ಖಾಲಿ. ಜೂನ್ ಮುಗಿಯುತ್ತಿದ್ದಂತೆ ಇನ್ನೊಂದು ಸೇರುತ್ತದೆ: ಖಾಲಿ ತೂಕ ಮಾಡುವಾಗ ತಾಡಪತ್ರಿ ಒಣಗಿತ್ತು, ತುಂಬಿದ ತೂಕದ ಹೊತ್ತಿಗೆ ಮಳೆ ಬಂದು ನೆನೆದಿದೆ. ಹತ್ತಿಯ ದಪ್ಪ ತಾಡಪತ್ರಿ ನೀರು ಕುಡಿದರೆ ಭಾರ ಚೆನ್ನಾಗಿಯೇ ಏರುತ್ತದೆ. ಡ್ರೈವರಿನ ಮೇಲೆ ಅನುಮಾನ ಪಡುವ ಮೊದಲು ಆ ತಾಡಪತ್ರಿಯ ಅಂಚು ಕೈಯಲ್ಲಿ ಹಿಂಡಿ ನೋಡಿ.